ನಡುವಯಸ್ಸಿನಲ್ಲಿ ಹರ್ಲಿ ಹಿಡಿದವರು

ಐರ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಡಬ್ಲಿನ್, ಕಾರ್ಕ್, ಗಾಲ್ವೇ, ಲಿಮರಿಕ್ ಊರುಗಳ ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಚೇರಿಗಳಲ್ಲಿ, ಔಷಧ ಕಾರ್ಖಾನೆಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ನಾನೂ ಅವರಲ್ಲೊಬ್ಬಳು. ಕಿಲ್ಡೇರ್ ಕೌಂಟಿಯ ಸಣ್ಣ ಪಟ್ಟಣವೊಂದರಲ್ಲಿ ಮನೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಹೊಸದಾಗಿ ಬಂದವರು ಫೋನ್ ಮಾಡಿ ಬಾಡಿಗೆ ಮನೆ ಹೇಗೆ ಹುಡುಕಬೇಕು, ತೊಗರಿಬೇಳೆ ಎಲ್ಲಿ ಸಿಗುತ್ತದೆ, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು ಎಂದು ವಿಚಾರಿಸುತ್ತಾರೆ. ಗೊತ್ತಿದ್ದಷ್ಟು ಹೇಳಿದ ಮೇಲೆ ಅವರು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ: ಐರ್ಲೆಂಡಿನ ಆಟಗಳ ಸಂಘವಾದ ಜಿ.ಎ.ಎ.ಯ ಮೈದಾನ ನಿಮ್ಮ ಊರಿನಲ್ಲಿ ಎಲ್ಲಿದೆ ನೋಡಿಕೊಳ್ಳಿ. ಮಕ್ಕಳನ್ನು ಅಲ್ಲಿ ಬಿಟ್ಟು ಕಾರಿನೊಳಗೆ ಕೂರಬೇಡಿ. ನೀವೂ ಇಳಿದು ಆಡಿ.

"ಈ ವಯಸ್ಸಿನಲ್ಲೇ?" ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಈ ಹೊತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ. ಮೂವತ್ತೈದು, ನಲವತ್ತು, ಐವತ್ತರ ವಯಸ್ಸಿನಲ್ಲಿ, ಹುಟ್ಟಿದ ಮೇಲೆ ನೋಡಿಯೇ ಇರದ ಎರಡು ಆಟಗಳನ್ನು ಕಲಿಯಬಹುದೇ? ಕಲಿಯಬಹುದು. ನನ್ನ ಅಭಿಪ್ರಾಯದಲ್ಲಿ ಕಲಿಯಲೇಬೇಕು.

ಮೊದಲು ಆಟಗಳ ಪರಿಚಯ. ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಎರಡೂ ಐರ್ಲೆಂಡಿನ ನೆಲದ ಆಟಗಳು. ಎರಡಕ್ಕೂ ಮೈದಾನ ಒಂದೇ, ಕಂಬಗಳೂ ಒಂದೇ. ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್. ತಂಡಕ್ಕೆ 15 ಜನ. ಎರಡೂ ತುದಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಕಂಬಗಳಿರುತ್ತವೆ. ನಡುವಿನ ಅಡ್ಡಪಟ್ಟಿಯ ಕೆಳಗೆ ಬಲೆಯೊಳಕ್ಕೆ ಚೆಂಡು ಹೋದರೆ ಗೋಲು, ಅದಕ್ಕೆ 3 ಅಂಕ. ಅಡ್ಡಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿದರೆ 1 ಅಂಕ. ಬಿಳಿ ಕೋಟು ತೊಟ್ಟು ಕಂಬದ ಪಕ್ಕ ನಿಂತ ಅಂಪೈರುಗಳು ಗೋಲಿಗೆ ಹಸಿರು ಬಾವುಟ, ಒಂದು ಅಂಕಕ್ಕೆ ಬಿಳಿ ಬಾವುಟ ಬೀಸುತ್ತಾರೆ. 2025ರಿಂದ ಗಂಡಸರ ಫುಟ್‌ಬಾಲಿನಲ್ಲಿ 40 ಮೀಟರ್ ಕಮಾನಿನ ಆಚೆಯಿಂದ ಒದ್ದು ಪಟ್ಟಿಯ ಮೇಲೆ ಹಾಯಿಸಿದರೆ 2 ಅಂಕ. ಅದಕ್ಕೆ ಕಿತ್ತಳೆ ಬಾವುಟ. ಸುದ್ದಿಯಲ್ಲಿ ಒಂದು ತಂಡ 2–11 ಗಳಿಸಿತು ಎಂದು ಬಂದರೆ ಎರಡು ಗೋಲು, ಹನ್ನೊಂದು ಅಂಕ, ಒಟ್ಟು 17 ಎಂದು ಅರ್ಥ. ಲೆಕ್ಕ ಇಷ್ಟೇ. ಒಂದು ಸಂಜೆ ಮೈದಾನದ ಬದಿಯಲ್ಲಿ ನಿಂತರೆ ರೂಢಿಯಾಗುತ್ತದೆ.

ವಯಸ್ಕರು ಫುಟ್‌ಬಾಲಿನಿಂದ ಶುರು ಮಾಡುವುದು ಒಳ್ಳೆಯದು. ಅದರ ಹೆಸರು ಕೇಳಿ ಸಾಮಾನ್ಯ ಫುಟ್‌ಬಾಲ್ ಎಂದುಕೊಳ್ಳಬೇಡಿ. ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆ ಮಾತ್ರ. ನಾಲ್ಕು ಹೆಜ್ಜೆಯೊಳಗೆ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲಿನ ಮೇಲೆ ಬಿಟ್ಟು ಬೆರಳ ತುದಿಯಿಂದ ಮತ್ತೆ ಕೈಗೆ ತಂದುಕೊಳ್ಳಬೇಕು. ಎರಡು ಸಲ ಬೆನ್ನುಬೆನ್ನಿಗೆ ಪುಟಿಸುವಂತಿಲ್ಲ. ಕಾಲಿನಿಂದ ಕೈಗೆ ತಂದುಕೊಳ್ಳುವುದಕ್ಕೆ ಸೋಲೋ ಎನ್ನುತ್ತಾರೆ. ಅದು ಎಷ್ಟು ಸಲವಾದರೂ ಆಗಬಹುದು. ಪಕ್ಕದವರಿಗೆ ಚೆಂಡು ಕೊಡುವಾಗ ಎಸೆಯುವಂತಿಲ್ಲ. ಒಂದು ಕೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆದು ಕಳಿಸಬೇಕು. ಗಂಡಸರ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ನೇರವಾಗಿ ಕೈಯಿಂದ ಎತ್ತುವಂತಿಲ್ಲ, ಕಾಲ್ಬೆರಳನ್ನು ಅಡಿಗೆ ತೂರಿಸಿ ಮೇಲಕ್ಕೆ ಚಿಮ್ಮಿಸಬೇಕು. ಹೆಂಗಸರ ಆಟದಲ್ಲಿ ಕಾಲ ಮೇಲೆ ನಿಂತಿದ್ದರೆ ಬಗ್ಗಿ ಎತ್ತಿಕೊಳ್ಳಬಹುದು.

ಸೋಲೋ ಕಲಿಯುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಏಕೆಂದರೆ ದೊಡ್ಡವರ ಕಷ್ಟ ಏನೆಂದು ಅಲ್ಲೇ ತಿಳಿಯುತ್ತದೆ. ಬಲಗಾಲಿನವರು ಚೆಂಡನ್ನು ಬಲಗೈಯಿಂದಲೇ ಬಿಡಬೇಕು. ಬಿಡಬೇಕು ಅಷ್ಟೇ, ಮೇಲಕ್ಕೆ ಎಸೆಯಬಾರದು. ಅದು ಮೊಣಕಾಲಿನಿಂದ ಕೆಳಗಿಳಿದ ಮೇಲೆ ಪಾದ ಮುಟ್ಟಬೇಕು, ಮುಟ್ಟುವಾಗ ಬೆರಳುಗಳು ಮೇಲಕ್ಕೆ ಬಾಗಿರಬೇಕು. ಆಗ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಎದೆಗೆ ಬಂದು ಸೇರುತ್ತದೆ. ಬೆರಳು ಚಪ್ಪಟೆಯಾಗಿದ್ದರೆ ಚೆಂಡು ಮುಂದಕ್ಕೆ ಓಡಿಹೋಗುತ್ತದೆ. ಮಕ್ಕಳಿಗೆ ಇದನ್ನು ಯಾರೂ ವಿವರಿಸುವುದಿಲ್ಲ; ನೋಡುತ್ತಾರೆ, ಮಾಡುತ್ತಾರೆ. ದೊಡ್ಡವರಿಗೆ ಮೊದಲು ಕಾರಣ ಬೇಕು. ಕಾರಣ ತಿಳಿದ ಮೇಲೂ ಕಾಲು ಕೇಳುವುದಿಲ್ಲ. ನಿಂತಲ್ಲೇ ಮಾಡಿ, ಆಮೇಲೆ ನಡೆಯುತ್ತ, ಆಮೇಲೆ ನಿಧಾನವಾಗಿ ಓಡುತ್ತ ಮಾಡಬೇಕು. ಈ ಮೂರು ಮೆಟ್ಟಿಲುಗಳ ನಡುವೆ ವಾರಗಳು ಕಳೆಯುತ್ತವೆ. ಕಳೆಯಲಿ. ಕೆಲಸ ಮುಗಿಸಿ ಬಂದು, ಸಣ್ಣ ಮಳೆಯಲ್ಲಿ, ದೀಪದ ಕಂಬಗಳ ಬೆಳಕಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ನಿಂತು ಒಂದೇ ಸಮನೆ ಚೆಂಡು ಬಿಡುವ, ಹಿಡಿಯುವ ಆ ಹೊತ್ತಿನಲ್ಲಿ ತಲೆಯೊಳಗೆ ಬೇರೇನೂ ಇರುವುದಿಲ್ಲ. ವಾರ್ಡಿನ ಚಿಂತೆ ಇರುವುದಿಲ್ಲ, ಊರಿನ ಚಿಂತೆಯೂ ಇರುವುದಿಲ್ಲ.

ನಾನು ಸೇರಿದ್ದು ಹೆಂಗಸರ ಗೇಲಿಕ್ ಫುಟ್‌ಬಾಲ್ ಸಂಘ ನಡೆಸುವ 'ಗೇಲಿಕ್ ಫಾರ್ ಮದರ್ಸ್ ಆ್ಯಂಡ್ ಅದರ್ಸ್' ಎಂಬ ಕಾರ್ಯಕ್ರಮದ ಮೂಲಕ. ಇದು ಶುರುವಾದದ್ದು 2008ರಲ್ಲಿ. ಮಕ್ಕಳನ್ನು ಕರೆತಂದು ಬದಿಯಲ್ಲಿ ನಿಲ್ಲುವ ತಾಯಂದಿರನ್ನೇ ಮೈದಾನಕ್ಕೆ ಇಳಿಸುವುದು ಇದರ ಉದ್ದೇಶ. ಎಂದೂ ಆಡದವರು, ಶಾಲೆ ಬಿಟ್ಟ ಮೇಲೆ ಆಡುವುದನ್ನೇ ಮರೆತವರು, ಹೆರಿಗೆಯಾದ ಮೇಲೆ ಮತ್ತೆ ಮೈ ಬಗ್ಗಿಸಬೇಕೆನ್ನುವವರು ಎಲ್ಲರೂ ಬರುತ್ತಾರೆ. ಪೈಪೋಟಿ ಇಲ್ಲ, ಲೀಗ್ ಪಟ್ಟಿ ಇಲ್ಲ. ವರ್ಷಕ್ಕೊಮ್ಮೆ ಬೇರೆ ಬೇರೆ ಊರುಗಳ ಗುಂಪುಗಳು ಒಂದೆಡೆ ಸೇರಿ ದಿನವಿಡೀ ಸಣ್ಣ ಸಣ್ಣ ಪಂದ್ಯ ಆಡುತ್ತವೆ. ಗಂಡಸರಿಗೂ 'ಡ್ಯಾಡ್ಸ್ ಆ್ಯಂಡ್ ಲ್ಯಾಡ್ಸ್' ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಹಲವು ಕ್ಲಬ್ಬುಗಳಲ್ಲಿದೆ. ನನ್ನ ಯಜಮಾನರು ಅದಕ್ಕೆ ಹೋಗುತ್ತಾರೆ.

ಇನ್ನು ಹರ್ಲಿಂಗ್. ಹೆಂಗಸರು ಆಡುವ ಹರ್ಲಿಂಗಿಗೆ ಕಮೋಗಿ ಎನ್ನುತ್ತಾರೆ. 1904ರಿಂದ ಅದಕ್ಕೆ ಪ್ರತ್ಯೇಕ ಸಂಘಟನೆಯಿದೆ. ನಿಯಮಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎರಡೂ ಒಂದೇ ವಿದ್ಯೆ. ಈ ಆಟದ ಕೋಲು ಹರ್ಲಿ. ಒಂದು ತುದಿ ಹಿಡಿ, ಇನ್ನೊಂದು ತುದಿ ಅಂಗೈಗಿಂತ ಅಗಲವಾಗಿ ಬಾಗಿ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಭಾಗಕ್ಕೆ ಬಾಸ್ ಎಂದು ಹೆಸರು. ಚೆಂಡು ಶ್ಲಿಟರ್. ಒಳಗೆ ಕಾರ್ಕು, ಹೊರಗೆ ಚರ್ಮ, ಚರ್ಮದ ಹೊಲಿಗೆಯಲ್ಲಿ ಎದ್ದು ನಿಂತ ಅಂಚು. ಗಾತ್ರ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ, ತೂಕ ಮಾತ್ರ ಕಡಿಮೆ, 110ರಿಂದ 120 ಗ್ರಾಂ. ಪಳಗಿದವರು ಹೊಡೆದರೆ ಅದರ ವೇಗ ಗಂಟೆಗೆ 150 ಕಿ.ಮೀ. ದಾಟುವುದುಂಟು. ಅದಕ್ಕೇ 2010ರಿಂದ ವಯಸ್ಸಿನ ಭೇದವಿಲ್ಲದೆ ಹರ್ಲಿಂಗ್ ಆಟಗಾರರೆಲ್ಲರೂ ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್ ಹಾಕುವುದು ಕಡ್ಡಾಯ.

ಹರ್ಲಿ ಕೊಳ್ಳುವುದೇ ಒಂದು ಪಾಠ. ಕೈ ಇಳಿಬಿಟ್ಟು ನೆಟ್ಟಗೆ ನಿಂತು, ಬಾಸ್ ನೆಲಕ್ಕೆ ತಾಗುವಂತೆ ಪಕ್ಕದಲ್ಲಿ ಹಿಡಿದರೆ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಉದ್ದವಾದರೆ ಬೀಸುವುದು ತಡವಾಗುತ್ತದೆ. ಒಳ್ಳೆಯ ಹರ್ಲಿಯನ್ನು ಆ್ಯಶ್ ಮರದ ಬುಡದಿಂದ ಮಾಡುತ್ತಾರೆ. ಕಾಂಡ ಬೇರಿಗೆ ತಿರುಗುವ ಜಾಗದಲ್ಲಿ ಮರದ ಎಳೆಗಳೂ ಬಾಗಿರುತ್ತವೆ. ಆ ಬಾಗಿದ ಎಳೆಯೇ ಬಾಸಿನ ಬಳುಕು, ಅದರ ಬಲ. ಕೈಯಲ್ಲಿ ಹಿಡಿದು ನೋಡಿದರೆ ಹಿಡಿಯಿಂದ ಹೊರಟ ಗೆರೆಗಳು ಕೆಳಗೆ ಬಂದು ಒಂದೇ ಕಡೆಗೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಬಾಸಿನ ಅಂಚು ಸೀಳದಂತೆ ತಗಡಿನ ಪಟ್ಟಿ ಬಿಗಿದು ಸಣ್ಣ ಮೊಳೆ ಹೊಡೆದಿರುತ್ತಾರೆ. ಈಗ ಆ್ಯಶ್ ಮರಕ್ಕೇ ಕುತ್ತು ಬಂದಿದೆ. ಶಿಲೀಂಧ್ರದಿಂದ ಬರುವ ಒಂದು ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ರಸ್ತೆಬದಿಯಲ್ಲಿ ತುದಿಯಿಂದ ಒಣಗುತ್ತ ಬಂದ ಮರಗಳನ್ನು ನಾನೇ ದಿನಾ ನೋಡುತ್ತೇನೆ. ಹರ್ಲಿಗೆ ಬೇಕಾದ ಮರವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಾರೆ. ಬಿದಿರಿನ ಹರ್ಲಿಗಳೂ ಕೃತಕ ವಸ್ತುವಿನ ಹರ್ಲಿಗಳೂ ಅಂಗಡಿಗೆ ಬಂದಿವೆ. ಹೊಸಬರು ಯಾವುದನ್ನು ಕೊಂಡರೂ ತಪ್ಪಿಲ್ಲ. ಆದರೂ ಒಮ್ಮೆ ಆ್ಯಶ್ ಮರದ್ದನ್ನು ಹಿಡಿದು ಚೆಂಡಿಗೆ ಹೊಡೆಯಿರಿ. ಸರಿಯಾಗಿ ತಾಗಿದಾಗ ಅಂಗೈಗೆ ಏನೂ ತಿಳಿಯುವುದೇ ಇಲ್ಲ, ಚೆಂಡು ಹೋಗಿರುತ್ತದೆ.

ಇಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಅನುಕೂಲ ಹೇಳುತ್ತೇನೆ. ಚಿನ್ನಿದಾಂಡು ಆಡಿದವರಿಗೆ ಹರ್ಲಿಂಗಿನ ಮೊದಲ ಗುಟ್ಟು ಗೊತ್ತೇ ಇರುತ್ತದೆ. ಚಿನ್ನಿಯ ಮೂತಿಗೆ ತಟ್ಟಿ, ಅದು ಮೇಲೆದ್ದಾಗ ಕಣ್ಣು ಬಿಡದೆ ಗಾಳಿಯಲ್ಲೇ ಬಾರಿಸುತ್ತಿದ್ದೆವಲ್ಲ, ಇಲ್ಲಿಯೂ ಹಾಗೆಯೇ. ನೆಲದ ಮೇಲಿನ ಶ್ಲಿಟರನ್ನು ಕೈಯಿಂದ ಎತ್ತುವಂತಿಲ್ಲ. ಬಾಸನ್ನು ಚೆಂಡಿನ ಮೇಲಿಟ್ಟು ತನ್ನತ್ತ ಒಂದಿಷ್ಟು ಉರುಳಿಸಿ, ಅದು ಉರುಳುತ್ತಿರುವಾಗಲೇ ಬಾಸನ್ನು ಅಡಿಗೆ ತೂರಿಸಿ ಮೇಲೆತ್ತಬೇಕು. ಇದು ರೋಲ್ ಲಿಫ್ಟ್. ಉರುಳಿಸದೆ ನೇರವಾಗಿ ಅಡಿಗೆ ಚುಚ್ಚಿ ಎತ್ತುವುದು ಜ್ಯಾಬ್ ಲಿಫ್ಟ್. ಓಡುತ್ತಿರುವಾಗ ಇದೇ ಬೇಕು. ಎದ್ದ ಚೆಂಡನ್ನು ಕೈಗೆ ತಂದುಕೊಂಡು, ಮತ್ತೆ ಸ್ವಲ್ಪ ಮೇಲೆ ಹಾಕಿ ಹೊಡೆಯುತ್ತಾರೆ. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ. ಅದಕ್ಕಿಂತ ದೂರ ಓಡಬೇಕಾದರೆ ಚೆಂಡು ಬಾಸಿನ ಮೇಲೆ ಕೂತಿರಬೇಕು, ಇಲ್ಲವೇ ಅದರ ಮೇಲೆ ಪುಟಿಯುತ್ತಿರಬೇಕು.

ತೊಡಕು ಕೈಗಳದ್ದು. ಕ್ರಿಕೆಟ್ಟಿನಲ್ಲಿ ಬಲಗೈ ಬ್ಯಾಟುಗಾರರ ಎಡಗೈ ಮೇಲೆ, ಬಲಗೈ ಕೆಳಗೆ. ಹಾಕಿಯಲ್ಲೂ ಎಡಗೈಯೇ ಮೇಲೆ. ಹರ್ಲಿಂಗಿನಲ್ಲಿ ಇದು ತಿರುಗುಮುರುಗು: ಯಾವ ಕೈ ಬಲವಾದದ್ದೋ ಅದು ಹಿಡಿಯ ತುದಿಯಲ್ಲಿರಬೇಕು. ಏಕೆಂದರೆ ಇನ್ನೊಂದು ಕೈ ಆಗಾಗ ಕೋಲು ಬಿಟ್ಟು ಚೆಂಡು ಹಿಡಿಯಬೇಕು. ಆಗ ಕೋಲಿನ ಭಾರವನ್ನು ಹೊರುವುದು ಒಂಟಿ ಕೈ. ಕ್ರಿಕೆಟ್ ಆಡಿ ಬೆಳೆದವರು, ಕೊಡಗಿನ ಕಡೆಯಿಂದ ಬಂದು ಹಾಕಿ ಆಡಿದವರು, ಇಲ್ಲಿ ಹೊಸ ಹಿಡಿತವನ್ನೇ ರೂಢಿಸಿಕೊಳ್ಳಬೇಕಾಗುತ್ತದೆ. ನಮ್ಮ ಮನೆಯ ಹಿತ್ತಿಲಿನಲ್ಲಿ ಈ ಪಾಠ ಹೇಳಿಕೊಡುವವಳು ನನ್ನ ಮಗಳು. "ಅಪ್ಪಾ, ಬಲಗೈ ಮೇಲೆ ಇರ್ಲಿ, ಎಡಗೈ ಆಮೇಲೆ ಬರುತ್ತೆ" ಎನ್ನುತ್ತಾಳೆ. ಇವರು "ಸರಿ ಮಗಳೇ" ಎಂದು ಮತ್ತೆ ಹಿಡಿಯುತ್ತಾರೆ. ವಲಸೆ ಬಂದ ಮನೆಗಳಲ್ಲಿ ಮಕ್ಕಳು ಹೆತ್ತವರಿಗೆ ಹೇಳಿಕೊಡುವ ಸಂಗತಿಗಳು ಹಲವು ಇರುತ್ತವೆ, ಅವುಗಳಲ್ಲಿ ಕೆಲವು ಮುಜುಗರ ತರುವಂಥವು. ಇದು ಹಾಗಲ್ಲ. ಮಗು ಕಲಿಸುತ್ತದೆ, ಅಪ್ಪ ಕಲಿಯುತ್ತಾರೆ, ಇಬ್ಬರಿಗೂ ಸಂತೋಷ.

ಕ್ಲಬ್ಬಿನ ಮೈದಾನದ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಎತ್ತರದ ಕಾಂಕ್ರೀಟ್ ಗೋಡೆ ಇರುತ್ತದೆ. ಹರ್ಲಿಂಗ್ ಕಲಿಯುವವರಿಗೆ ನಿಜವಾದ ಗುರು ಆ ಗೋಡೆಯೇ. ಹೊಡೆದ ಚೆಂಡು ಥಟ್ಟನೆ ವಾಪಸ್ ಬರುತ್ತದೆ. ಬಲಬದಿಯಿಂದ ಹೊಡಿ, ಬಂದದ್ದನ್ನು ಹಿಡಿ, ಎಡಬದಿಯಿಂದ ಹೊಡಿ. ಯಾರೂ ಕಾಯುತ್ತಿರುವುದಿಲ್ಲ, ಯಾರ ಆಟವೂ ನಮ್ಮಿಂದ ನಿಲ್ಲುವುದಿಲ್ಲ. ದೊಡ್ಡವರಿಗೆ ಕಲಿಕೆಯಲ್ಲಿ ಇರುವ ಮುಖ್ಯ ಅಡ್ಡಿ ಸಂಕೋಚ. ಗೋಡೆಯ ಮುಂದೆ ಅದು ಇರುವುದಿಲ್ಲ.

ಭಯದ ಮಾತಿಗೆ ಬರುತ್ತೇನೆ. ಬೀಸುವ ಕೋಲುಗಳ ನಡುವೆ ಹೋಗಲು ಯಾರಿಗಾದರೂ ಹೆದರಿಕೆ ಆಗುತ್ತದೆ. ಆಗ ಎಲ್ಲರೂ ಮಾಡುವುದು ಒಂದು ಹೆಜ್ಜೆ ಹಿಂದೆ ಸರಿಯುವುದು. ಹರ್ಲಿಂಗಿನಲ್ಲಿ ಅಪಾಯವಿರುವುದು ಆ ಒಂದು ಹೆಜ್ಜೆ ಹಿಂದೆಯೇ. ಬೀಸಿದ ಹರ್ಲಿ ಪೂರ್ತಿ ವೇಗ ಪಡೆಯುವುದು ಅದರ ಸುತ್ತಿನ ಹೊರ ಅಂಚಿನಲ್ಲಿ. ಎದುರಾಳಿಯ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹೋದರೆ ಅವರಿಗೆ ಬೀಸಲು ಜಾಗವೇ ಇರುವುದಿಲ್ಲ. ನಮ್ಮ ಕೋಲು ಅವರ ಕೋಲಿಗೆ ಅಡ್ಡ ಬಂದು ಚೆಂಡು ಅಲ್ಲೇ ಬೀಳುತ್ತದೆ. ನಮಗೆ ಕಲಿಸುವವರು ನಿವೃತ್ತ ಪೋಸ್ಟ್‌ಮ್ಯಾನ್, ಎಪ್ಪತ್ತು ದಾಟಿದ್ದಾರೆ. ಹೊಸಬರು ಹಿಂಜರಿದಾಗಲೆಲ್ಲ "ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ" ಎಂದು ಕೂಗುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ, ಕೋಲಿಗೆ ಕೋಲು ಕೊಡುವುದನ್ನು ಅಭ್ಯಾಸ ಮಾಡಿಸುತ್ತಾರೆ. ಮೇಲಿಂದ ಬರುವ ಚೆಂಡು ಹಿಡಿಯುವಾಗ ಹರ್ಲಿಯನ್ನು ಕೈಯ ಮುಂದೆ ಅಡ್ಡ ಹಿಡಿದು ಬೆರಳು ಕಾಪಾಡಿಕೊಳ್ಳಬೇಕು ಎಂಬುದೂ ಅವರ ಪಾಠವೇ. ಇದು ಮನಸ್ಸಿಗೆ ಬಂದ ಮೇಲೆ ಭಯ ಹೋಗುತ್ತದೆ ಎನ್ನಲಾರೆ, ಆದರೆ ಭಯವಾದಾಗ ಏನು ಮಾಡಬೇಕೆಂದು ಕಾಲಿಗೆ ತಿಳಿದಿರುತ್ತದೆ.

ನರ್ಸ್ ಆಗಿ ಒಂದು ಎಚ್ಚರಿಕೆ. ನಲವತ್ತರ ಮೈ ಇಪ್ಪತ್ತರ ಮೈಯಲ್ಲ. ತೊಡೆಯ ಹಿಂಭಾಗದ ಸ್ನಾಯು, ಮೊಣಕಾಲು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಇವು ಮೊದಲು ದೂರು ಹೇಳುತ್ತವೆ. ಮೈ ಬೆಚ್ಚಗಾಗುವ ಮುಂಚೆ ಓಟಕ್ಕೆ ಇಳಿಯಬೇಡಿ. ಓಡಿ ಥಟ್ಟನೆ ನಿಂತು ತಿರುಗುವುದನ್ನು ನಿಧಾನವಾಗಿ ಅಭ್ಯಾಸ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಫುಟ್‌ಬಾಲಿಗೆ ಹಲ್ಲಿನ ಗಮ್‌ಶೀಲ್ಡ್ ಕಡ್ಡಾಯ, ಅಭ್ಯಾಸಕ್ಕೂ ಬಿಡಬೇಡಿ.

ಇಷ್ಟು ಕಷ್ಟಪಟ್ಟು ಇದೇ ಆಟವನ್ನು ಏಕೆ ಕಲಿಯಬೇಕು, ಜಿಮ್ಮಿಗೆ ಹೋದರಾಗದೇ ಎನ್ನಬಹುದು. ಆಗಬಹುದು. ಆದರೆ ಜಿಮ್ಮಿನಲ್ಲಿ ಊರು ಸಿಗುವುದಿಲ್ಲ. ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿ.ಎ.ಎ., ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪರೇರಿ ಕೌಂಟಿಯ ಥರ್ಲೆಸ್ ಪಟ್ಟಣದ ಹೇಸ್ ಹೋಟೆಲಿನಲ್ಲಿ. ಕ್ಲೇರ್ ಕೌಂಟಿಯ ಶಿಕ್ಷಕ ಮೈಕೆಲ್ ಕುಸಾಕ್ ಮತ್ತು ಅಥ್ಲೀಟ್ ಮಾರಿಸ್ ಡೇವಿನ್ ಆ ಮೊದಲ ಸಭೆ ಕರೆದರು. ಬ್ರಿಟಿಷರ ಆಳ್ವಿಕೆಯಲ್ಲಿ ನಶಿಸುತ್ತಿದ್ದ ತಮ್ಮ ಆಟಗಳನ್ನು ಉಳಿಸಿಕೊಳ್ಳುವುದು ಅವರ ಗುರಿ. ಅಂದಿನಿಂದ ಇಂದಿನವರೆಗೆ ಕ್ಲಬ್ಬಿನ ಆಧಾರ ಪ್ಯಾರಿಷ್, ಅಂದರೆ ಒಂದು ಇಗರ್ಜಿಯ ಸುತ್ತಲಿನ ಊರುಭಾಗ. ಯಾವ ಆಟಗಾರನಿಗೂ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,300 ಜನ ಹಿಡಿಸುತ್ತಾರೆ. ಅಲ್ಲಿ ಫೈನಲ್ ಗೆದ್ದವರು ಮತ್ತೆ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಹಸು ಕರೆಯುತ್ತಾರೆ, ಪೊಲೀಸ್ ಠಾಣೆಗೆ ಹೋಗುತ್ತಾರೆ. ಹೀಗೆ ದುಡ್ಡಿಗಾಗಿ ಅಲ್ಲದೆ ಊರಿಗಾಗಿ ಆಡುವ ಆಟದಲ್ಲಿ ಮೊದಲ ದರ್ಜೆಯ ಆಟಗಾರನಿಗೂ ನಿನ್ನೆ ಸೇರಿದವರಿಗೂ ಅಂಗಿಯ ಬಣ್ಣ ಒಂದೇ. ವಯಸ್ಸಾದ ಮೇಲೆ ಕಲಿಯಲು ಬಂದವರನ್ನು ಈ ಸಂಸ್ಥೆ ತನ್ನೊಳಗೆ ಸೇರಿಸಿಕೊಳ್ಳುವ ಬಲವೇ ಇದು ಎಂದು ನಾನು ನಂಬಿದ್ದೇನೆ.

ಆಡುವವರಿಗೆ ಒಂದು ದಿನ ನೆನಪಿರಬೇಕು. 1920ರ ನವೆಂಬರ್ 21, ಭಾನುವಾರ. ಸ್ವಾತಂತ್ರ್ಯ ಸಮರ ನಡೆಯುತ್ತಿತ್ತು. ಅಂದು ಬೆಳಿಗ್ಗೆ ಡಬ್ಲಿನ್ನಿನಲ್ಲಿ ಐರಿಷ್ ಹೋರಾಟಗಾರರು ಬ್ರಿಟಿಷ್ ಗುಪ್ತಚರರನ್ನು ಕೊಂದಿದ್ದರು. ಮಧ್ಯಾಹ್ನ ಕ್ರೋಕ್ ಪಾರ್ಕಿನಲ್ಲಿ ಡಬ್ಲಿನ್ ಮತ್ತು ಟಿಪರೇರಿ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ನುಗ್ಗಿ ಗುಂಡು ಹಾರಿಸಿದವು. 14 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಟಿಪರೇರಿಯ ಆಟಗಾರ ಮೈಕೆಲ್ ಹೋಗನ್ ಮೈದಾನದಲ್ಲೇ ಪ್ರಾಣ ಬಿಟ್ಟರು. ಕ್ರೋಕ್ ಪಾರ್ಕಿನ ಹೋಗನ್ ಸ್ಟ್ಯಾಂಡಿಗೆ ಅವರದೇ ಹೆಸರು. ಜಲಿಯನ್‌ವಾಲಾ ಬಾಗ್ ನಡೆದು ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಭಾರತದಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ಇತಿಹಾಸದಿಂದಾಗಿಯೇ ಸಂಘ ಬಹಳ ಕಾಲ ಬಿಗಿಯಾಗಿತ್ತು. ಕ್ರಿಕೆಟ್, ರಗ್ಬಿ, ಸಾಕರ್ ಆಡಿದ ಸದಸ್ಯರನ್ನು ಹೊರಹಾಕುವ ನಿಯಮವಿತ್ತು. ಅದನ್ನು ತೆಗೆದದ್ದು 1971ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಟಿಪರೇರಿ, ಕಿಲ್ಕೆನಿಗಳಂಥ ಹರ್ಲಿಂಗ್ ಕೌಂಟಿಗಳಲ್ಲೂ ಕ್ರಿಕೆಟ್ ಹಳ್ಳಿಹಳ್ಳಿಗೆ ಹಬ್ಬಿತ್ತು ಎಂಬುದು ನಮ್ಮವರಿಗೆ ಅಚ್ಚರಿಯ ಸಂಗತಿ. ಆ ಬಿಗಿ ಈಗಿಲ್ಲ. 2020ರ ಕೋವಿಡ್ ಕಾಲದಲ್ಲಿ, ಜನ ದೂರ ದೂರ ಕೂರಬೇಕಾದಾಗ, ಡಬ್ಲಿನ್ನಿನ ಮುಸ್ಲಿಮರು ಬಕ್ರೀದ್ ಪ್ರಾರ್ಥನೆ ಮಾಡಿದ್ದು ಕ್ರೋಕ್ ಪಾರ್ಕಿನ ಹುಲ್ಲಿನ ಮೇಲೆ.

ಹೊರಗಿನಿಂದ ಬಂದವರು ಈ ಆಟಗಳಲ್ಲಿ ಎಲ್ಲಿಯವರೆಗೆ ಏರಬಲ್ಲರು ಎನ್ನುವುದಕ್ಕೆ ಎರಡು ಹೆಸರು ಹೇಳುತ್ತೇನೆ. ಶಾನ್ ಓಗ್ ಓ ಹಾಲ್ಪೀನ್ ಹುಟ್ಟಿದ್ದು ಫಿಜಿಯಲ್ಲಿ. ತಾಯಿ ರೊಟುಮಾ ದ್ವೀಪದವರು, ತಂದೆ ಐರ್ಲೆಂಡಿನ ಫರ್ಮಾನಾ ಕೌಂಟಿಯವರು. ಸಿಡ್ನಿಯಲ್ಲಿ ಬೆಳೆದು ಹನ್ನೊಂದನೆಯ ವಯಸ್ಸಿನಲ್ಲಿ ಕಾರ್ಕಿಗೆ ಬಂದರು. 2005ರಲ್ಲಿ ಕಾರ್ಕ್ ಹರ್ಲಿಂಗ್ ತಂಡದ ನಾಯಕನಾಗಿ ಹರ್ಲಿಂಗಿನ ಅತಿ ದೊಡ್ಡ ಬಹುಮಾನವಾದ ಲಿಯಮ್ ಮೆಕಾರ್ಥಿ ಕಪ್ ಎತ್ತಿಹಿಡಿದು ಮಾತಾಡಿದ್ದು ಐರಿಷ್ ನುಡಿಯಲ್ಲಿ. ಝ್ಯಾಕ್ ಮೊರಾದಿ ಕುರ್ದಿಷ್ ಮನೆತನದವರು, ಹುಟ್ಟಿದ್ದು ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ. 2002ರಲ್ಲಿ ಕುಟುಂಬ ಲೀಟ್ರಿಮ್ ಕೌಂಟಿಗೆ ಬಂತು. 2019ರಲ್ಲಿ ಲೀಟ್ರಿಮ್ ತಂಡ ಕ್ರೋಕ್ ಪಾರ್ಕಿನಲ್ಲಿ ಹರ್ಲಿಂಗಿನ ಕೆಳ ದರ್ಜೆಯ ಲೋರಿ ಮಾಹರ್ ಕಪ್ ಗೆದ್ದಾಗ ಮೊರಾದಿ ಆ ತಂಡದಲ್ಲಿದ್ದರು. ಇಬ್ಬರೂ ಬಾಲಕರಾಗಿ ಬಂದವರು, ನಿಜ. ನಲವತ್ತರಲ್ಲಿ ಶುರು ಮಾಡಿದವರು ಕ್ರೋಕ್ ಪಾರ್ಕಿನಲ್ಲಿ ಕಪ್ ಎತ್ತಲಾರರು. ಆದರೆ ಅವರ ಮಕ್ಕಳು ಎತ್ತಬಹುದು, ಆಗ ಆಟ ಬಲ್ಲವರಾಗಿ ಗ್ಯಾಲರಿಯಲ್ಲಿ ಕೂರಬಹುದು. ಎಲ್ಲವೂ ಸುಗಮ ಎಂದು ನಾನು ಹೇಳುತ್ತಿಲ್ಲ. ಮೈಬಣ್ಣ ನೋಡಿ ಆಟಗಾರರನ್ನು ಹೀಯಾಳಿಸಿದ ಪ್ರಸಂಗಗಳು ಇಲ್ಲಿ ನಡೆದಿವೆ. ಹಾಗೆ ಮಾಡಿದವರನ್ನು ಆಟದಿಂದ ದೂರವಿಡುವ ನಿಯಮ ಸಂಘದಲ್ಲಿದೆ. ಅದು ನಿಜಕ್ಕೂ ಜಾರಿಯಾಗುವಂತೆ ನೋಡಿಕೊಳ್ಳಲು ಕ್ಲಬ್ಬಿನೊಳಗೆ ನಮ್ಮವರೂ ಇರಬೇಕು. ಹೊರಗೆ ನಿಂತು ಇದನ್ನು ಮಾಡಿಸಲಾಗದು.

ಬಾನುಲಿಯಲ್ಲಿ ಮಾತಾಡುತ್ತಿರುವುದರಿಂದ ಬಾನುಲಿಗೂ ಈ ಆಟಗಳಿಗೂ ಇರುವ ನಂಟನ್ನು ಹೇಳದೆ ಇರಲಾರೆ. ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ಬಾನುಲಿ ನಿಲಯ ತೆರೆದದ್ದು 1935ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲು, 1926ರ ಆಗಸ್ಟ್ 29ರಂದು, ಆಗಷ್ಟೇ ಹುಟ್ಟಿದ್ದ ಐರ್ಲೆಂಡಿನ ಬಾನುಲಿ ಕ್ರೋಕ್ ಪಾರ್ಕಿನಿಂದ ಗಾಲ್ವೇ ಮತ್ತು ಕಿಲ್ಕೆನಿ ನಡುವಿನ ಹರ್ಲಿಂಗ್ ಸೆಮಿಫೈನಲನ್ನು ನೇರವಾಗಿ ಬಿತ್ತರಿಸಿತು. ಮೈದಾನದ ಆಟವೊಂದರ ಬಾನುಲಿ ವೀಕ್ಷಕ ವಿವರಣೆ ಯುರೋಪಿನಲ್ಲಿ ಅದೇ ಮೊದಲು ಎನ್ನುತ್ತಾರೆ. 1947ರಲ್ಲಿ ಫುಟ್‌ಬಾಲ್ ಫೈನಲ್ ನಡೆದದ್ದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ, ಕ್ಯಾವನ್ ಮತ್ತು ಕೆರ್ರಿ ನಡುವೆ. ಪಂದ್ಯ ತಡವಾಗಿ, ಕಾಯ್ದಿರಿಸಿದ್ದ ದೂರವಾಣಿ ಮಾರ್ಗದ ಅವಧಿ ಮುಗಿಯುತ್ತ ಬಂತು. ವಿವರಣೆಗಾರ ಮೀಹಾಲ್ ಓಹೇರ್ ಆಟದ ವರ್ಣನೆಯ ನಡುವೆಯೇ, ಇನ್ನೈದು ನಿಮಿಷ ಮಾರ್ಗ ಕಡಿಯಬೇಡಿ ಎಂದು ಕಂಡರಿಯದ ತಂತ್ರಜ್ಞರನ್ನು ಬೇಡಿಕೊಂಡರು. ಮಾರ್ಗ ಉಳಿಯಿತು, ಕ್ಯಾವನ್ ಗೆದ್ದದ್ದು ಐರ್ಲೆಂಡಿನ ಅಡುಗೆಮನೆಗಳಿಗೆ ಕೇಳಿಸಿತು. ಮುಂದೆ ಮೀಹಾಲ್ ಓ ಮುರ್ಹಾರ್ಟಿ 1949ರಿಂದ 2010ರವರೆಗೆ ವಿವರಣೆ ಕೊಟ್ಟರು. ಅವರು ತೀರಿಕೊಂಡದ್ದು 2024ರಲ್ಲಿ. ಅವರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ. ಹರ್ಲಿ ಹಿಡಿಯುವ ಮೊದಲು ನನಗೆ ಅದು ವೇಗದ ಸದ್ದು ಮಾತ್ರವಾಗಿತ್ತು. ಈಗ ಯಾರು ಯಾವ ಬದಿಯಿಂದ ಎತ್ತಿದರು, ಯಾರು ಹಿಂದಿನಿಂದ ಕೋಲು ಚಾಚಿ ಬೀಸು ತಡೆದರು ಎಂದು ಕಿವಿಯಲ್ಲೇ ಕಾಣುತ್ತದೆ.

ಹರ್ಲಿಂಗ್ ಮತ್ತು ಕಮೋಗಿಯನ್ನು ಯುನೆಸ್ಕೊ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಆಟ ಉಳಿಯುವುದಿಲ್ಲ, ಆಡುವವರಿಂದ ಉಳಿಯುತ್ತದೆ. ಹಳ್ಳಿಗಳಲ್ಲಿ ತಂಡ ಕಟ್ಟಲು ಜನ ಸಾಲದೆ ನೆರೆಯ ಕ್ಲಬ್ಬುಗಳು ಕೂಡಿಕೊಂಡು ಆಡುತ್ತಿವೆ. ಅಲ್ಲಿ ಹೊಸಬರ ಮಕ್ಕಳೂ ಬೇಕು, ಗೆರೆ ಎಳೆಯಲು, ಚಹಾ ಕಾಸಲು, ಮಕ್ಕಳಿಗೆ ಕಲಿಸಲು ಹೊಸಬರೂ ಬೇಕು. ಆಡಿದವರು ಮಾಡುವ ಕೆಲಸಕ್ಕೂ ನೋಡಿ ಕಲಿತವರು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ.

ಐರ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟು. ವರ್ಷದ ಅಭ್ಯಾಸ ಸಾಮಾನ್ಯವಾಗಿ ಜನವರಿ, ಫೆಬ್ರವರಿಯ ಹೊತ್ತಿಗೆ ಶುರುವಾಗುತ್ತದೆ. ನಡುವೆ ಸೇರಿದರೂ ಯಾರೂ ಬೇಡ ಎನ್ನುವುದಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿ, ನಾನು ವಯಸ್ಕ, ಎಂದೂ ಆಡಿಲ್ಲ, ಕಲಿಯಬೇಕು ಎಂದು ನೇರವಾಗಿ ಹೇಳಿ. ಸದಸ್ಯತ್ವ ಮಾಡಿಸಿಕೊಂಡೇ ಮೈದಾನಕ್ಕೆ ಇಳಿಯಿರಿ. ಗಾಯವಾದರೆ ನೆರವಾಗುವ ನಿಧಿ ಸಿಗುವುದು ಸದಸ್ಯರಿಗೆ ಮಾತ್ರ. ಮೊದಲ ಸಂಜೆಗೆ ಸ್ಟಡ್ ಇರುವ ಬೂಟು, ಗಮ್‌ಶೀಲ್ಡ್, ನೀರಿನ ಬಾಟಲಿ, ಮಳೆ ಅಂಗಿ ಸಾಕು. ಹರ್ಲಿ, ಹೆಲ್ಮೆಟ್ ಎರಡನ್ನೂ ಎಷ್ಟೋ ಕ್ಲಬ್ಬುಗಳು ಹೊಸಬರಿಗೆ ಕಡ ಕೊಡುತ್ತವೆ, ಮೊದಲ ದಿನವೇ ಕೊಳ್ಳಬೇಡಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಿಮ್ಮ ಬೀದಿಯ ಇನ್ನೊಂದು ಮನೆಯವರನ್ನೂ ಕರೆದುಕೊಂಡು ಹೋಗಿ.